ಜನವರಿ 1ರ ಗೆರೆಯೋ, ಜೂನ್ 1ರ ಗೆರೆಯೋ: ಮಕ್ಕಳ ಫುಟ್‌ಬಾಲ್ ಲೀಗ್‌ನ ವಯೋಮಿತಿ ಕುರಿತು ಚರ್ಚೆ

ಲೀಗ್ ಸಂಚಾಲಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆ, ಹರಿಹರ ಮತ್ತು ಚಿತ್ರದುರ್ಗದ ಕ್ಲಬ್‌ಗಳು ಸೇರಿ ಬೇಸಿಗೆ ರಜೆಯಲ್ಲಿ ಮಕ್ಕಳ ಫುಟ್‌ಬಾಲ್ ಲೀಗ್ ನಡೆಸುವುದೆಂದು ತೀರ್ಮಾನವಾಗಿದೆ. ಮೈದಾನ, ರೆಫರಿ, ಬಸ್ಸಿನ ಖರ್ಚು, ಮಧ್ಯಾಹ್ನದ ಊಟ ಇವೆಲ್ಲ ಹೇಗೋ ಹೊಂದಿಕೆಯಾದವು. ಇತ್ಯರ್ಥವಾಗದೆ ಉಳಿದಿರುವುದು ಒಂದೇ ವಿಷಯ: 10, 12 ಮತ್ತು 14 ವರ್ಷದೊಳಗಿನವರ ವಿಭಾಗಗಳಿಗೆ ಯಾವ ದಿನಾಂಕವನ್ನು ಕಟ್‌ಆಫ್ ಆಗಿ, ಅಂದರೆ ವಯಸ್ಸಿನ ಗುಂಪುಗಳನ್ನು ಬೇರ್ಪಡಿಸುವ ಗೆರೆಯಾಗಿ, ಇಟ್ಟುಕೊಳ್ಳಬೇಕು? ಜನವರಿ 1 ಇರಲಿ ಎಂದು ಕೆಲವರು, ಶಾಲೆ ಆರಂಭವಾಗುವ ಜೂನ್ 1 ಇರಲಿ ಎಂದು ಇನ್ನು ಕೆಲವರು ಪಟ್ಟು ಹಿಡಿದಿದ್ದಾರೆ. ಸಭೆಯಲ್ಲಿ ಇದು ಅರ್ಧ ಗಂಟೆಯಲ್ಲಿ ಮುಗಿಯುವ ಮಾತಲ್ಲವೆಂದು ಅನ್ನಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಜನವರಿ 1ರ ಪರವಾದ ವಾದ ಸರಳವಾಗಿದೆ. ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ತನ್ನ ಕಿರಿಯರ ವಿಶ್ವಕಪ್‌ಗಳಿಗೆ ಇದನ್ನೇ ಅನುಸರಿಸುತ್ತದೆ. 2017ರಲ್ಲಿ ನಮ್ಮ ದೇಶದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಆಡಲು 2000ದ ಜನವರಿ 1ರಂದು ಅಥವಾ ಅನಂತರ ಹುಟ್ಟಿರಬೇಕಿತ್ತು. ಶಾಲಾ ತಂಡಗಳ ರಾಷ್ಟ್ರಮಟ್ಟದ ಫುಟ್‌ಬಾಲ್ ಪಂದ್ಯಾವಳಿಯಾದ ಸುಬ್ರತೋ ಕಪ್‌ಗೂ ಶಾಲಾ ಕ್ರೀಡಾಕೂಟಗಳಿಗೂ ಇದೇ ಗೆರೆ. ನಮ್ಮ ಮಕ್ಕಳು ನಾಳೆ ಬೆಂಗಳೂರಿನಲ್ಲಿ ಆಡಬೇಕಾದ ಗುಂಪಿನಲ್ಲೇ ಇಂದೂ ಆಡಲಿ ಎನ್ನುವುದು ಇವರ ಮಾತು. ಜೂನ್ 1ರ ಪರ ಇರುವವರು ಹೇಳುವುದೂ ಸುಳ್ಳಲ್ಲ. ಹತ್ತು ವರ್ಷದ ಮಗು ಮೈದಾನಕ್ಕೆ ಬರುವುದೇ ತರಗತಿಯ ಗೆಳೆಯರ ಜೊತೆ; ಆ ಗೆಳೆಯರನ್ನು ಎರಡು ತಂಡಗಳಿಗೆ ಹಂಚಿದರೆ ಅರ್ಧ ಮಕ್ಕಳು ಬರುವುದನ್ನೇ ನಿಲ್ಲಿಸುತ್ತಾರೆ.

ಆದರೆ ನನ್ನನ್ನು ಹೆಚ್ಚು ಕಾಡುತ್ತಿರುವುದು ಬೇರೆ ಪ್ರಶ್ನೆ. ಗೆರೆಯನ್ನು ಎಲ್ಲೇ ಎಳೆದರೂ ಅದರ ಒಂದು ತುದಿಯಲ್ಲಿ ಗುಂಪಿನ ಹಿರಿಯ ಮಗುವೂ ಇನ್ನೊಂದು ತುದಿಯಲ್ಲಿ ಸುಮಾರು ಹನ್ನೆರಡು ತಿಂಗಳು ಚಿಕ್ಕದಾದ ಮಗುವೂ ಇರುತ್ತವೆ. ಇಪ್ಪತ್ತೈದರ ಹರೆಯದಲ್ಲಿ ಒಂದು ವರ್ಷ ಲೆಕ್ಕಕ್ಕೇ ಬರುವುದಿಲ್ಲ. ಹತ್ತನೇ ವಯಸ್ಸಿನಲ್ಲಿ ಅದು ಬದುಕಿನ ಹತ್ತನೇ ಒಂದು ಭಾಗ. ನಮ್ಮ ಹೈಸ್ಕೂಲ್ ಮೈದಾನದಲ್ಲಿ ನಡೆದ ಆಯ್ಕೆಯಲ್ಲಿ ಒಬ್ಬ ಹುಡುಗನನ್ನು ಗಮನಿಸುತ್ತಿದ್ದೆ. ಚೆಂಡು ತನ್ನ ಬಳಿಗೆ ಬರುವ ಮುನ್ನವೇ ಅವನು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ತಲೆ ತಿರುಗಿಸಿ ಯಾರು ಎಲ್ಲಿದ್ದಾರೆಂದು ನೋಡಿಕೊಳ್ಳುತ್ತಿದ್ದ. ಎಡಗಾಲಿನಿಂದ ನಿಲ್ಲಿಸಿ ಬಲಗಾಲಿನಿಂದ ಪಾಸ್ ಕೊಡುತ್ತಿದ್ದ. ಅದನ್ನು ಯಾರೂ ಅವನಿಗೆ ಹೇಳಿಕೊಟ್ಟಂತಿರಲಿಲ್ಲ. ಆದರೆ ಪ್ರತಿ ಸಲವೂ ಅವನಿಗಿಂತ ಗೇಣುದ್ದ ಎತ್ತರದ ಹುಡುಗನೊಬ್ಬ ಭುಜ ತಾಗಿಸಿ ಚೆಂಡನ್ನು ಕಸಿದುಕೊಂಡು ಹೋಗುತ್ತಿದ್ದ. ಪಟ್ಟಿಯಲ್ಲಿ ಬಂದದ್ದು ಎತ್ತರದ ಹುಡುಗನ ಹೆಸರು. ಆಮೇಲೆ ಅರ್ಜಿಗಳನ್ನು ತೆಗೆದು ನೋಡಿದರೆ ಒಬ್ಬನದು ಜನವರಿ, ಇನ್ನೊಬ್ಬನದು ನವೆಂಬರ್. ಹುಟ್ಟಿದ ವರ್ಷ ಒಂದೇ. ನಾವು ಆರಿಸಿದ್ದು ಆಟವನ್ನೋ, ಹುಟ್ಟಿದ ತಿಂಗಳನ್ನೋ?

ದಯವಿಟ್ಟು ಅನುಭವ ಇರುವವರು, ಪೋಷಕರು, ಶಿಕ್ಷಕರು ಎಲ್ಲರೂ ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಪೋಷಕ, ಚಿತ್ರದುರ್ಗ

ಸರ್, ನೀವು ಬರೆದ ನವೆಂಬರ್ ಹುಡುಗನಂಥವನೇ ನಮ್ಮ ಮನೆಯಲ್ಲೂ ಇದ್ದಾನೆ. ನನ್ನ ಮಗ ಡಿಸೆಂಬರ್ ಕೊನೆಯ ವಾರದಲ್ಲಿ ಹುಟ್ಟಿದವನು. ಒಂದು ಅಕಾಡೆಮಿಯ ಆಯ್ಕೆಗೆ ಕರೆದುಕೊಂಡು ಹೋದಾಗ ಅಲ್ಲಿದ್ದವರು ಇವನ ಆಟದ ಬಗ್ಗೆ ಏನೂ ಹೇಳದೆ, "ಇನ್ನೂ ಬೆಳೆಯಬೇಕು, ಮುಂದಿನ ವರ್ಷ ನೋಡೋಣ" ಎಂದರು. ಮುಂದಿನ ವರ್ಷ ಇವನು ಬೆಳೆದಿರುತ್ತಾನೆ, ನಿಜ. ಆದರೆ ಜನವರಿಯಲ್ಲಿ ಹುಟ್ಟಿದವನೂ ಅಷ್ಟೇ ಬೆಳೆದಿರುತ್ತಾನೆ. ಜೊತೆಗೆ ಒಂದು ವರ್ಷದ ತರಬೇತಿಯೂ ಅವನಿಗೆ ಸಿಕ್ಕಿರುತ್ತದೆ. ಅಂತರ ಕಡಿಮೆಯಾಗುವುದು ಹೇಗೆ?

ಮಗ ಆ ದಿನ ಮನೆಗೆ ಬಂದು ಗೋಡೆಗೆ ಒರಗಿ ನಿಂತು, ತಲೆಯ ಮೇಲೆ ಸ್ಕೇಲ್ ಇಟ್ಟು ಪೆನ್ಸಿಲಿನಿಂದ ಗುರುತು ಹಾಕಿಕೊಂಡ. ಈಗ ವಾರಕ್ಕೊಮ್ಮೆ ಅಲ್ಲಿ ನಿಂತು ನೋಡಿಕೊಳ್ಳುತ್ತಾನೆ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಅದೇ ದಿನ ಅಲ್ಲಿದ್ದ ಮತ್ತೊಬ್ಬ ಪೋಷಕರು ನನ್ನನ್ನು ಪಕ್ಕಕ್ಕೆ ಕರೆದು, ಒಂದು ಅಫಿಡವಿಟ್ ಮಾಡಿಸಿ ಹುಟ್ಟಿದ ದಿನಾಂಕವನ್ನು ಎಂಟು ಹತ್ತು ದಿನ ಮುಂದಕ್ಕೆ ಹಾಕಿಸಿದರೆ ಇವನು ಮುಂದಿನ ವರ್ಷದ ಗುಂಪಿಗೆ ಹೋಗುತ್ತಾನೆ, ಆಗ ಗುಂಪಿಗೆಲ್ಲ ಇವನೇ ದೊಡ್ಡವನು ಎಂದು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಮಗನಿಗೆ ಆಟ ಕಲಿಸುವ ಮೊದಲೇ ಸುಳ್ಳು ದಾಖಲೆ ಕಲಿಸಲು ನನಗೆ ಮನಸ್ಸು ಬರಲಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಈ ಲೆಕ್ಕಾಚಾರ ನಡೆಯುತ್ತಿದೆ ಎನ್ನುವುದನ್ನು ನಿಯಮ ಮಾಡುವವರು ತಿಳಿದಿರಬೇಕು.

ದೈಹಿಕ ಶಿಕ್ಷಕ, ಜಗಳೂರು ತಾಲ್ಲೂಕು

ಸಂಚಾಲಕರೇ, ಜೂನ್ 1 ಬೇಡವೇ ಬೇಡ ಎಂದು ಹೇಳಲು ನನ್ನ ಬಳಿ ಗಟ್ಟಿಯಾದ ಒಂದು ಕಾರಣವಿದೆ. ನಮ್ಮ ಭಾಗದ ಯಾವುದೇ ಹಳೆಯ ಸರ್ಕಾರಿ ಶಾಲೆಯ ದಾಖಲಾತಿ ವಹಿಯನ್ನು ತೆರೆದು ಜನ್ಮ ದಿನಾಂಕದ ಕಲಮನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬನ್ನಿ. ಜೂನ್ 1, ಜೂನ್ 1, ಮತ್ತೆ ಜೂನ್ 1. ಮನೆಯಲ್ಲಿ ಹೆರಿಗೆಯಾಗಿ, ಜನನ ನೋಂದಣಿಯಾಗದೆ ಉಳಿದ ಮಕ್ಕಳನ್ನು ಶಾಲೆಗೆ ಸೇರಿಸುವಾಗ, ಆ ದಿನಕ್ಕೆ ವಯಸ್ಸು ಸರಿಹೊಂದಲಿ ಎಂದು ಮುಖ್ಯೋಪಾಧ್ಯಾಯರೇ ಒಂದು ದಿನಾಂಕ ಬರೆಯುತ್ತಿದ್ದರು. ಅದೇ ದಿನಾಂಕ ವರ್ಗಾವಣೆ ಪತ್ರಕ್ಕೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೂ ಹೋಗಿ ಶಾಶ್ವತವಾಗುತ್ತಿತ್ತು. ನನ್ನ ಸಹೋದ್ಯೋಗಿಗಳಲ್ಲೇ ಅನೇಕರು ಜೂನ್ 1ರಂದು "ಹುಟ್ಟಿದವರು". ಅದರಲ್ಲಿ ಮೋಸದ ಉದ್ದೇಶವೇನೂ ಇರಲಿಲ್ಲ. ಮಗು ಶಾಲೆಗೆ ಬರಲಿ ಎನ್ನುವುದಷ್ಟೇ ಆ ಮೇಷ್ಟ್ರುಗಳ ಕಾಳಜಿಯಾಗಿತ್ತು.

ಈಗ ಆಸ್ಪತ್ರೆಯಲ್ಲಿ ಹೆರಿಗೆಯಾಗುವುದರಿಂದ ಬಹುತೇಕ ಮಕ್ಕಳಿಗೆ ಜನನ ಪ್ರಮಾಣ ಪತ್ರ ಇರುತ್ತದೆ. ಆದರೂ ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ ವಲಸೆ ಹೋಗುವ ತಾಂಡಾಗಳ ಕುಟುಂಬಗಳಲ್ಲಿ ಪತ್ರ ಇಲ್ಲದ ಮಕ್ಕಳು ಇಂದಿಗೂ ಸಿಗುತ್ತಾರೆ. ನೀವು ಜೂನ್ 1ನ್ನೇ ಗೆರೆಯಾಗಿ ಇಟ್ಟುಕೊಂಡರೆ ಏನಾಗುತ್ತದೆ ನೋಡಿ: ಅಂದಾಜಿನಲ್ಲಿ ದಿನಾಂಕ ಬರೆಸಿಕೊಂಡ ಮಕ್ಕಳೆಲ್ಲರೂ ಕಾಗದದ ಮೇಲೆ ತಮ್ಮ ಗುಂಪಿನ ಅತ್ಯಂತ ಹಿರಿಯ ದಿನದಂದೇ ಹುಟ್ಟಿದವರಾಗುತ್ತಾರೆ. ಅವರಲ್ಲಿ ಕೆಲವರು ನಿಜಕ್ಕೂ ಅದಕ್ಕಿಂತ ಹಿರಿಯರು, ಕೆಲವರು ತೀರಾ ಚಿಕ್ಕವರು. ಗೆದ್ದ ತಂಡದಲ್ಲಿ ಅಂಥ ನಾಲ್ವರು ಹುಡುಗರು ಇದ್ದರೆ ಎದುರಾಳಿಗಳು ತಕರಾರು ತೆಗೆಯದೆ ಬಿಡುವುದಿಲ್ಲ. ಪಂದ್ಯ ಮೈದಾನದಲ್ಲಿ ಮುಗಿದು ಮೇಜಿನ ಮೇಲೆ ಮತ್ತೆ ಶುರುವಾಗುತ್ತದೆ.

ದಾಖಲೆಯ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಎನ್ನುವುದನ್ನೂ ಪೋಷಕರಿಗೆ ತಿಳಿಸಬೇಕು. 1969ರ ಜನನ ಮತ್ತು ಮರಣ ನೋಂದಣಿ ಅಧಿನಿಯಮದ ಪ್ರಕಾರ ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಒಂದು ವರ್ಷ ದಾಟಿದ ಮೇಲೆ ನೋಂದಣಿ ಮಾಡಿಸಬೇಕಾದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯಂತೆ, ಆ ದಿನದಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ ಮೊದಲಾದ ಕೆಲಸಗಳಲ್ಲಿ ಜನನ ಪ್ರಮಾಣ ಪತ್ರವೇ ದಿನಾಂಕದ ಪುರಾವೆ. ಆ ಮಕ್ಕಳು ನಮ್ಮ ಲೀಗ್‌ಗೆ ಬರುವ ಹೊತ್ತಿಗೆ ಜೂನ್ 1ರ ಸಮಸ್ಯೆ ಬಹುಮಟ್ಟಿಗೆ ಇರುವುದಿಲ್ಲ. ಅಲ್ಲಿಯವರೆಗಿನ ಹತ್ತು ಹನ್ನೆರಡು ವರ್ಷಗಳಿಗೆ ನಾವೇ ದಾರಿ ಹುಡುಕಬೇಕು. ಪತ್ರ ಇಲ್ಲದ ಮಗುವನ್ನು ಮೈದಾನದ ಗೇಟಿನಿಂದಲೇ ವಾಪಸು ಕಳಿಸುವ ನಿಯಮ ಮಾತ್ರ ದಯವಿಟ್ಟು ಬೇಡ. ಶಾಲೆಯ ದೃಢೀಕರಣದ ಮೇಲೆ ಆಡಲು ಬಿಡಿ, ಆ ನಡುವೆ ನೋಂದಣಿಗೆ ಅರ್ಜಿ ಹಾಕಿಸುವ ಹೊಣೆಯನ್ನು ಕ್ಲಬ್ ಹೊರಲಿ.

ಕೋಚ್, ಹರಿಹರ

ಎಲ್ಲರ ಮಾತನ್ನೂ ಓದಿದೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ ಇದೆ; ಬೇಸರ ಮಾಡಿಕೊಳ್ಳಬೇಡಿ. ನಮ್ಮ ಭಾಗದಲ್ಲಿ ಕುಸ್ತಿ, ಕಬಡ್ಡಿ, ಕೊಕ್ಕೊಗಳಿಗೆ ಇರುವ ಹಿನ್ನೆಲೆ ಫುಟ್‌ಬಾಲಿಗೆ ಇಲ್ಲ. ಸಂಜೆಯ ಹೊತ್ತು ಮೈದಾನದ ಮುಕ್ಕಾಲು ಭಾಗ ಕ್ರಿಕೆಟ್ ಆಡುವವರಿಗೆ ಸೇರಿದ್ದು. ನಮಗೆ ಒಂದು ಮೂಲೆ ಸಿಗಬೇಕಾದರೆ, ಯಾರಾದರೂ ಒಂದು ಜೊತೆ ಜರ್ಸಿ ಕೊಡಿಸಬೇಕಾದರೆ, ನಾವು ಗೆದ್ದ ಒಂದು ಕಪ್ ತೋರಿಸಬೇಕು. ಗೆಲ್ಲಬೇಕಾದರೆ ಇಂದು ಬಲವಾಗಿರುವ ಹುಡುಗನನ್ನು ಇಳಿಸಬೇಕು. ಅವನು ಯಾವ ತಿಂಗಳಲ್ಲಿ ಹುಟ್ಟಿದ ಎಂದು ಕೇಳುತ್ತಾ ಕೂರುವ ಅನುಕೂಲ ದೊಡ್ಡ ಕ್ಲಬ್‌ಗಳಿಗೆ ಇರಬಹುದು, ನಮಗಿಲ್ಲ. ಅಲ್ಲದೆ ಜನವರಿಯಲ್ಲಿ ಹುಟ್ಟಿದ ಹುಡುಗನ ತಪ್ಪಾದರೂ ಏನು? ಅವನೂ ಬೆವರು ಸುರಿಸಿಯೇ ಆಡುತ್ತಾನೆ.

ವಿದ್ಯಾನಗರದವನು, ಈಗ ಅಮೆರಿಕದ ಡಲ್ಲಾಸ್ ಹತ್ತಿರ

ಊರಿನಲ್ಲಿ ಮಕ್ಕಳ ಲೀಗ್ ಆಗುತ್ತಿದೆ ಎಂದು ಓದಿ ಬಹಳ ಸಂತೋಷವಾಯಿತು. ನನ್ನ ಇಬ್ಬರು ಮಕ್ಕಳು ಇಲ್ಲಿ ಕ್ಲಬ್‌ನಲ್ಲಿ ಆಡುತ್ತಾರೆ. ನೀವು ಈಗ ಚರ್ಚಿಸುತ್ತಿರುವ ಇದೇ ವಿಷಯದಲ್ಲಿ ಇಡೀ ದೇಶವೇ ಹತ್ತು ವರ್ಷಗಳಿಂದ ಒದ್ದಾಡಿದೆ. ಆ ಕಥೆ ನಿಮಗೆ ಉಪಯೋಗಕ್ಕೆ ಬರಬಹುದು.

ಇಲ್ಲಿ ಮೊದಲು ಕಟ್‌ಆಫ್ ಇದ್ದದ್ದು ಆಗಸ್ಟ್ 1. ಆಗಸ್ಟ್‌ನಿಂದ ಮುಂದಿನ ಜುಲೈವರೆಗೆ ಹುಟ್ಟಿದವರು ಒಂದು ಗುಂಪು; ಶಾಲೆಯ ವರ್ಷಕ್ಕೂ ಇದು ಹೆಚ್ಚುಕಡಿಮೆ ಹೊಂದುತ್ತಿತ್ತು. 2015ರಲ್ಲಿ ಯುಎಸ್ ಸಾಕರ್ ಸಂಸ್ಥೆಯು ಅಂತರರಾಷ್ಟ್ರೀಯ ಪದ್ಧತಿಗೆ ಸರಿಹೊಂದಬೇಕೆಂದು ಜನವರಿ 1ಕ್ಕೆ ಬದಲಾಯಿಸುವುದಾಗಿ ಪ್ರಕಟಿಸಿತು. 2017ರ ಹೊತ್ತಿಗೆ ಎಲ್ಲ ಕಡೆ ಅದೇ ಕಡ್ಡಾಯವಾಯಿತು. ವರ್ಷಗಟ್ಟಲೆ ಒಟ್ಟಿಗೆ ಆಡಿದ ತಂಡಗಳು ಒಂದೇ ಬೇಸಿಗೆಯಲ್ಲಿ ಒಡೆದುಹೋದವು. ಸಣ್ಣ ಕ್ಲಬ್‌ಗಳಲ್ಲಿ ಒಂದು ವಯಸ್ಸಿಗೆ ಇದ್ದದ್ದೇ ಒಂದು ತಂಡ. ಅದು ಎರಡಾಗಿ ಒಡೆದಾಗ ಎರಡರಲ್ಲೂ ಹನ್ನೊಂದು ಜನ ಇಲ್ಲದಂತಾಯಿತು. ಗೆಳೆಯರು ಇಲ್ಲವೆಂದು ಆಟವನ್ನೇ ಬಿಟ್ಟ ಮಕ್ಕಳನ್ನು ನಾನು ಬಲ್ಲೆ.

ಅದಕ್ಕಿಂತ ದೊಡ್ಡ ತೊಂದರೆ ಎಂಟನೇ ತರಗತಿಯವರದ್ದು. ಒಂದೇ ವರ್ಷದಲ್ಲಿ ಹುಟ್ಟಿದವರ ತಂಡದಲ್ಲಿ ವರ್ಷದ ಮೊದಲ ಭಾಗದ ಮಕ್ಕಳು ಒಂಬತ್ತನೇ ತರಗತಿಗೆ, ಅಂದರೆ ಇಲ್ಲಿನ ಹೈಸ್ಕೂಲಿಗೆ ಹೋಗಿರುತ್ತಾರೆ. ಕೊನೆಯ ತಿಂಗಳುಗಳವರು ಇನ್ನೂ ಎಂಟರಲ್ಲಿ ಇರುತ್ತಾರೆ. ಹೈಸ್ಕೂಲ್ ತಂಡಗಳ ಋತು ಆರಂಭವಾದೊಡನೆ ದೊಡ್ಡವರೆಲ್ಲ ಶಾಲೆಯ ಪರ ಆಡಲು ಹೋಗುತ್ತಾರೆ, ಕ್ಲಬ್ ತಂಡ ನಿಂತುಹೋಗುತ್ತದೆ, ಉಳಿದ ಮೂರು ನಾಲ್ಕು ಮಕ್ಕಳು ಆ ಋತುವಿಡೀ ಆಡಲು ತಂಡವಿಲ್ಲದೆ ಉಳಿಯುತ್ತಾರೆ. ಇವರನ್ನು ಇಲ್ಲಿ ಸಿಕ್ಕಿಬಿದ್ದ ಆಟಗಾರರು ಎಂದೇ ಕರೆಯುತ್ತಾರೆ. ಕೊನೆಗೆ ಇಲ್ಲಿನ ಪ್ರಮುಖ ಕಿರಿಯರ ಸಂಸ್ಥೆಗಳು 2026-27ರ ಋತುವಿನಿಂದ ಮತ್ತೆ ಆಗಸ್ಟ್ 1ಕ್ಕೇ ಹಿಂದಿರುಗಲು ನಿರ್ಧರಿಸಿವೆ. ಎಂದರೆ ಈಗ ಜನವರಿ ಲೆಕ್ಕದಲ್ಲಿ ಕೂಡಿಕೊಂಡ ತಂಡಗಳು ಮತ್ತೊಮ್ಮೆ ಒಡೆಯುತ್ತವೆ.

ನಮ್ಮೂರಿಗೂ ಇದು ಅನ್ವಯಿಸುತ್ತದೆ ಎಂದು ನನ್ನ ಭಾವನೆ. ಮಳೆಗಾಲದಲ್ಲಿ ತಾಲ್ಲೂಕು, ಜಿಲ್ಲೆ, ವಿಭಾಗ ಮಟ್ಟದ ಶಾಲಾ ಕ್ರೀಡಾಕೂಟಗಳು ಬಂದಾಗ ನಿಮ್ಮ ಕ್ಲಬ್‌ನ ದೊಡ್ಡ ಹುಡುಗರು ಶಾಲೆಯ ತಂಡಕ್ಕೆ ಹೋಗುತ್ತಾರೆ. ಆಗ ಉಳಿಯುವ ಚಿಕ್ಕವರಿಗೆ ಏನು ವ್ಯವಸ್ಥೆ ಎನ್ನುವುದನ್ನು ಮೊದಲೇ ಯೋಚಿಸಿ. ಮತ್ತು ಯಾವ ದಿನಾಂಕ ಆರಿಸಿದರೂ ಕನಿಷ್ಠ ಐದಾರು ವರ್ಷ ಅದನ್ನು ಮುಟ್ಟಬೇಡಿ. ಗೆರೆ ಎಲ್ಲಿದೆ ಎನ್ನುವುದಕ್ಕಿಂತ ಅದನ್ನು ಪದೇಪದೇ ಕದಲಿಸಿದ್ದರಿಂದಲೇ ಇಲ್ಲಿ ಹೆಚ್ಚು ಪೆಟ್ಟು ಬಿದ್ದದ್ದು.

ಹರಿಹರದ ಕೋಚ್ ಅವರಿಗೆ ಒಂದು ವಿನಂತಿ. ಹುಟ್ಟಿದ ತಿಂಗಳ ಮಾತು ಹೊಸದಲ್ಲ. ಕೆನಡಾದಲ್ಲಿ ರೋಜರ್ ಬಾರ್ನ್ಸ್‌ಲಿ ಎಂಬ ಮನೋವಿಜ್ಞಾನಿ ಐಸ್ ಹಾಕಿ ಆಟಗಾರರ ಜನ್ಮ ದಿನಾಂಕಗಳನ್ನು ಲೆಕ್ಕ ಹಾಕಿ 1985ರಲ್ಲಿ ಪ್ರಬಂಧ ಪ್ರಕಟಿಸಿದರು. ಅಲ್ಲಿ ಜನವರಿ 1 ಕಟ್‌ಆಫ್ ಆದ್ದರಿಂದ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಮೇಲಿನ ಹಂತದಲ್ಲಿ ತುಂಬಿದ್ದರು. ಫುಟ್‌ಬಾಲಿನಲ್ಲಿ ಬೆಲ್ಜಿಯಂನದು ಇನ್ನೂ ಸ್ಪಷ್ಟವಾದ ಉದಾಹರಣೆ. ಅಲ್ಲಿ 1997ರಲ್ಲಿ ಕಟ್‌ಆಫ್ ಆಗಸ್ಟ್ 1ರಿಂದ ಜನವರಿ 1ಕ್ಕೆ ಬದಲಾಯಿತು. ಅದಕ್ಕೆ ಮೊದಲು ಆಗಸ್ಟ್ ಮತ್ತು ಅದರ ನಂತರದ ತಿಂಗಳುಗಳಲ್ಲಿ ಹುಟ್ಟಿದವರು "ಪ್ರತಿಭಾವಂತ"ರಾಗಿ ಕಾಣುತ್ತಿದ್ದರು. ಬದಲಾದ ಮೇಲೆ ಜನವರಿ, ಫೆಬ್ರವರಿ, ಮಾರ್ಚ್‌ನವರು ಹಾಗೆ ಕಾಣತೊಡಗಿದರು. ಮಕ್ಕಳು ಅವರೇ, ಊರು ಅದೇ, ಕೋಚ್‌ಗಳೂ ಅವರೇ.

ವೈದ್ಯ, ದಾವಣಗೆರೆ

ಮೂಳೆ ಮತ್ತು ಕೀಲಿನ ವೈದ್ಯನಾಗಿ ಒಂದೆರಡು ಅಂಶಗಳನ್ನು ಸೇರಿಸುತ್ತೇನೆ. ಹುಟ್ಟಿದ ತಿಂಗಳು ಬೇರೆ, ದೇಹದ ಬೆಳವಣಿಗೆ ಬೇರೆ. ಹುಡುಗರು ಅತ್ಯಂತ ವೇಗವಾಗಿ ಎತ್ತರ ಬೆಳೆಯುವುದು ಸರಾಸರಿ 14ರ ಆಸುಪಾಸಿನಲ್ಲಿ, ಹುಡುಗಿಯರು 12ರ ಆಸುಪಾಸಿನಲ್ಲಿ. ಆದರೆ ಇದು ಸರಾಸರಿಯಷ್ಟೇ. ಒಂದೇ ದಿನ ಹುಟ್ಟಿದ ಇಬ್ಬರು ಹುಡುಗರಲ್ಲಿ ಒಬ್ಬನ ದೇಹ ಹನ್ನೆರಡರಲ್ಲೇ ಆ ಹಂತಕ್ಕೆ ಬಂದಿರಬಹುದು, ಇನ್ನೊಬ್ಬನದು ಹದಿನೈದಾದರೂ ಬಂದಿರಲಿಕ್ಕಿಲ್ಲ. ಇಬ್ಬರೂ ಪೂರ್ತಿ ಆರೋಗ್ಯವಂತರೇ. ಆದ್ದರಿಂದ ಕಟ್‌ಆಫ್ ದಿನಾಂಕವನ್ನು ಎಲ್ಲಿಗೆ ಸರಿಸಿದರೂ ಹದಿಮೂರು ಹದಿನಾಲ್ಕರ ವಿಭಾಗದಲ್ಲಿ ಈ ಅಂತರ ಹೋಗುವುದಿಲ್ಲ. ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್ ಅಕಾಡೆಮಿಗಳು 2015ರಲ್ಲಿ ಒಂದು ಪ್ರಯೋಗ ಮಾಡಿದವು. ವಯಸ್ಸಿನ ಬದಲು, ಮಗು ತನ್ನ ಅಂದಾಜು ವಯಸ್ಕ ಎತ್ತರದ ಶೇಕಡಾ ಎಷ್ಟನ್ನು ತಲುಪಿದೆ ಎಂದು ನೋಡಿ, ಶೇ. 85ರಿಂದ 90ರ ನಡುವೆ ಇರುವವರನ್ನು ಒಟ್ಟಿಗೆ ಆಡಿಸಿದರು. ಬೇಗ ಬೆಳೆದವರಿಗೆ ಅಲ್ಲಿ ಬಲದಿಂದ ಮಾತ್ರ ಗೆಲ್ಲಲು ಆಗಲಿಲ್ಲ, ತಲೆ ಓಡಿಸಬೇಕಾಯಿತು. ತಡವಾಗಿ ಬೆಳೆಯುವವರಿಗೆ ತಮ್ಮ ಕೌಶಲ ತೋರಿಸಲು ಅವಕಾಶವಾಯಿತು. ಬೆಲ್ಜಿಯಂ ಫೆಡರೇಷನ್ ತಡವಾಗಿ ಬೆಳೆಯುವ ಹುಡುಗರಿಗೆಂದೇ ರಾಷ್ಟ್ರಮಟ್ಟದಲ್ಲಿ ಪ್ರತ್ಯೇಕ ತಂಡ ನಡೆಸುತ್ತದೆ.

ಇನ್ನು ವಯಸ್ಸು ಪತ್ತೆ ಮಾಡಲು ಎಕ್ಸ್‌ರೇ ತೆಗೆಸೋಣ ಎಂದು ಕೆಲವರು ಫೋನಿನಲ್ಲಿ ಕೇಳಿದ್ದಾರೆ. ಬೇಡ. ಮುಂಗೈ ಮೂಳೆಯ ಚಿತ್ರದಿಂದ ತಿಳಿಯುವುದು ಮೂಳೆ ಎಷ್ಟು ಬಲಿತಿದೆ ಎನ್ನುವುದು. ಹುಟ್ಟಿದ ದಿನಾಂಕ ಅದರಲ್ಲಿ ಬರೆದಿರುವುದಿಲ್ಲ. ಫಿಫಾ 2009ರಲ್ಲಿ ನೈಜೀರಿಯಾದ 17 ವರ್ಷದೊಳಗಿನವರ ವಿಶ್ವಕಪ್‌ನಿಂದ ಮಣಿಕಟ್ಟಿನ ಎಂಆರ್‌ಐ ಬಳಸಲು ಆರಂಭಿಸಿತು, ಆದರೆ ಅದು ನೋಡುವುದು ಬೆಳವಣಿಗೆಯ ತುದಿ ಪೂರ್ತಿ ಕೂಡಿಕೊಂಡಿದೆಯೇ ಎನ್ನುವುದನ್ನು ಮಾತ್ರ. ಹತ್ತು ಹನ್ನೆರಡರ ಮಕ್ಕಳಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಸ್ಥಳೀಯ ಲೀಗ್‌ಗಾಗಿ ಮಕ್ಕಳಿಗೆ ಎಕ್ಸ್‌ರೇ ವಿಕಿರಣ ತಾಗಿಸುವುದು ಸರಿಯಲ್ಲ.

ಅದರ ಬದಲು ಪ್ರತಿ ಮೂರು ತಿಂಗಳಿಗೊಮ್ಮೆ ಎತ್ತರ, ತೂಕ ಅಳೆದು ಪುಸ್ತಕದಲ್ಲಿ ಬರೆದಿಡಿ. ಒಬ್ಬ ಹುಡುಗ ಇದ್ದಕ್ಕಿದ್ದಂತೆ ಎತ್ತರ ಬೆಳೆಯುತ್ತಿದ್ದರೆ ಅವನ ಓಟದ ಪ್ರಮಾಣ ಕಡಿಮೆ ಮಾಡಿ. ಮಂಡಿಚಿಪ್ಪಿನ ಕೆಳಗಿನ ಗುಬುಟಿನಲ್ಲಿ ನೋವೆಂದು ನನ್ನ ಬಳಿ ಬರುವ ಬಹುಪಾಲು ಹುಡುಗರು ಇದೇ ಹಂತದಲ್ಲಿ ವಿಶ್ರಾಂತಿಯಿಲ್ಲದೆ ಆಡಿದವರು. ಚಿತ್ರದುರ್ಗದ ಪೋಷಕರೇ, ಗೋಡೆಯ ಮೇಲಿನ ಗುರುತನ್ನು ಮಗ ವಾರಕ್ಕೊಮ್ಮೆ ನೋಡುವುದು ಬೇಡ. ಮೂರು ತಿಂಗಳಿಗೊಮ್ಮೆ ನೀವೇ ಅಳೆಯಿರಿ. ವಾರದಲ್ಲಿ ಕಾಣುವ ಬೆಳವಣಿಗೆ ಯಾವ ಮಗುವಿಗೂ ಇರುವುದಿಲ್ಲ, ಅವನು ಸುಮ್ಮನೆ ನೊಂದುಕೊಳ್ಳುತ್ತಾನೆ.

ತಾಯಿ, ದಾವಣಗೆರೆ

ಇಷ್ಟು ಹೊತ್ತು ಎಲ್ಲರೂ ಹುಡುಗರ ಬಗ್ಗೆಯೇ ಬರೆದಿದ್ದೀರಿ. ನನ್ನ ಮಗಳು ಹನ್ನೊಂದು ವರ್ಷದವಳು. ಅವಳ ಕ್ಲಬ್‌ನಲ್ಲಿ ಅವಳ ವಯಸ್ಸಿನ ಹುಡುಗಿಯರು ಒಂದು ಕೈಬೆರಳಲ್ಲಿ ಎಣಿಸುವಷ್ಟೂ ಇಲ್ಲ. 2022ರಲ್ಲಿ ಹುಡುಗಿಯರ 17 ವರ್ಷದೊಳಗಿನವರ ವಿಶ್ವಕಪ್ಪೇ ನಮ್ಮ ದೇಶದಲ್ಲಿ ನಡೆಯಿತು. ಆದರೂ ನಮ್ಮೂರಿನಲ್ಲಿ 10, 12, 14 ಎಂದು ಮೂರು ವಿಭಾಗ ಮಾಡಿದರೆ ಹುಡುಗಿಯರಿಗೆ ಒಂದೇ ಒಂದು ವಿಭಾಗದಲ್ಲೂ ಪೂರ್ಣ ತಂಡ ಆಗುವುದಿಲ್ಲ. ಹುಡುಗರಿಗೆ ಈ ನಿಯಮದಿಂದ ಆಗುವ ತೊಂದರೆ ಬೆಂಚಿನಲ್ಲಿ ಕೂರುವುದು. ನಮ್ಮ ಹುಡುಗಿಯರಿಗೆ ಆಗುವುದು ಮನೆಯಲ್ಲೇ ಕೂರುವುದು.

ಆದ್ದರಿಂದ 12ರವರೆಗೆ ಹುಡುಗ ಹುಡುಗಿಯರು ಒಂದೇ ತಂಡದಲ್ಲಿ ಆಡಲಿ. ಅಲ್ಲಿಂದ ಮೇಲೆ ಹುಡುಗಿಯರಿಗೆ 13ರಿಂದ 16ರವರೆಗೆ ಒಂದೇ ವಿಭಾಗ ಇರಲಿ. ತಂಡ ಚಿಕ್ಕದಾದರೆ ಏಳು ಜನರ ಆಟ ಆಡಿಸಿ. ಪಂದ್ಯಗಳನ್ನು ಸಂಜೆ ಆರರ ಒಳಗೆ ಮುಗಿಸಿದರೆ ಇನ್ನೂ ಹೆಚ್ಚು ಮನೆಗಳಿಂದ ಮಕ್ಕಳು ಬರುತ್ತಾರೆ.

ಕೋಚ್, ಹರಿಹರ

ಅಮ್ಮಾ, ನಿಮ್ಮ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ನಮ್ಮಲ್ಲೂ ನಾಲ್ವರು ಹುಡುಗಿಯರಿದ್ದಾರೆ, ಅವರನ್ನು ಕಳಿಸುತ್ತೇನೆ.

ಡಲ್ಲಾಸಿನ ಸಹೋದರರು ಬರೆದ ಬೆಲ್ಜಿಯಂ ಉದಾಹರಣೆಯನ್ನು ಎರಡು ಮೂರು ಸಲ ಓದಿದೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಆದರೆ ನಾನು ಕೇಳುವುದು ಕಾರ್ಯರೂಪದ ಪ್ರಶ್ನೆ. ಆಯ್ಕೆಯ ದಿನ ಮೈದಾನದಲ್ಲಿ ಅರವತ್ತು ಮಕ್ಕಳು ಓಡುತ್ತಿರುವಾಗ ನನ್ನ ಕಣ್ಣು ದೊಡ್ಡ ಹುಡುಗನ ಮೇಲೆಯೇ ಹೋಗುತ್ತದೆ. ಕೈಯಲ್ಲಿ ಜನ್ಮ ದಿನಾಂಕದ ಪಟ್ಟಿ ಕೊಟ್ಟರೂ ಆ ಗಡಿಬಿಡಿಯಲ್ಲಿ ಅದನ್ನು ನೋಡಿ ಲೆಕ್ಕ ಹಾಕುವವರು ಯಾರು?

ವಿದ್ಯಾನಗರದವನು, ಡಲ್ಲಾಸ್ ಹತ್ತಿರ

ಕೋಚ್ ಸರ್, ನಿಮ್ಮ ಪ್ರಶ್ನೆಯನ್ನೇ ನೆದರ್ಲೆಂಡ್ಸ್‌ನಲ್ಲಿ ಪರೀಕ್ಷಿಸಿ ನೋಡಿದ್ದಾರೆ, 2017ರಲ್ಲಿ ಅದು ಪ್ರಕಟವಾಯಿತು. ಪ್ರತಿಭೆ ಹುಡುಕುವ ಅನುಭವಿಗಳಿಗೆ ಮಕ್ಕಳ ಪಂದ್ಯ ತೋರಿಸಿ ಅಂಕ ಕೊಡಲು ಹೇಳಿದರು. ಏನೂ ಮಾಹಿತಿ ಕೊಡದಿದ್ದಾಗ ಹಿರಿಯ ಮಕ್ಕಳಿಗೇ ಹೆಚ್ಚು ಅಂಕ ಬಂತು. ಜನ್ಮ ದಿನಾಂಕಗಳ ಪಟ್ಟಿ ಕೊಟ್ಟಾಗಲೂ ಹಾಗೆಯೇ ಆಯಿತು. ನೀವು ಹೇಳಿದಂತೆ ಕಾಗದ ನೋಡಲು ಪುರುಸೊತ್ತಿರುವುದಿಲ್ಲ. ಆದರೆ ಜರ್ಸಿಯ ಸಂಖ್ಯೆಗಳನ್ನೇ ವಯಸ್ಸಿನ ಕ್ರಮದಲ್ಲಿ ಕೊಟ್ಟು, ಅದನ್ನು ಅವರಿಗೆ ತಿಳಿಸಿದಾಗ ಆ ಪಕ್ಷಪಾತ ಹೋಯಿತು. ಇದಕ್ಕೆ ಖರ್ಚೇನೂ ಇಲ್ಲ.

ಲೀಗ್ ಸಂಚಾಲಕ, ದಾವಣಗೆರೆ

ಎಲ್ಲರಿಗೂ ಕೃತಜ್ಞತೆಗಳು. ಮೂರೂ ಊರಿನ ಕ್ಲಬ್‌ಗಳವರೊಂದಿಗೆ ನಿನ್ನೆ ಮಾತನಾಡಿದೆ. ಒಪ್ಪಿಗೆಯಾದದ್ದನ್ನು, ಅದರ ಕಾರಣದೊಂದಿಗೆ, ಇಲ್ಲಿ ಬರೆಯುತ್ತೇನೆ.

ಗೆರೆ ಜನವರಿ 1 ಇರುತ್ತದೆ. ಜೂನ್ 1ರ ಪರವಾಗಿದ್ದವರೂ ಜಗಳೂರಿನ ಮೇಷ್ಟ್ರು ಬರೆದದ್ದನ್ನು ಓದಿದ ಮೇಲೆ ಒಪ್ಪಿದರು. ಮುಂದಿನ ಆರು ವರ್ಷ ಇದನ್ನು ಬದಲಿಸುವುದಿಲ್ಲ. ಪ್ರಕಟಣೆಯಲ್ಲಿ "12 ವರ್ಷದೊಳಗಿನವರು" ಎಂದಷ್ಟೇ ಬರೆಯದೆ, ಯಾವ ದಿನಾಂಕದಂದು ಅಥವಾ ಅನಂತರ ಹುಟ್ಟಿರಬೇಕು ಎಂದು ಪೂರ್ತಿ ಬರೆಯುತ್ತೇವೆ. 2017ರ ವಿಶ್ವಕಪ್ ಅಕ್ಟೋಬರ್‌ನಲ್ಲಿ ನಡೆದಾಗ 17 ತುಂಬಿದ್ದ ಹುಡುಗರೂ ನಿಯಮದ ಪ್ರಕಾರವೇ ಆಡುತ್ತಿದ್ದರು. "ಒಳಗಿನವರು" ಎಂಬ ಒಂದೇ ಮಾತನ್ನು ಬೇರೆ ಬೇರೆ ಸ್ಪರ್ಧೆಗಳಲ್ಲಿ ಬೇರೆ ಬೇರೆ ರೀತಿ ಲೆಕ್ಕ ಹಾಕುವುದರಿಂದಲೇ ಅರ್ಧ ಜಗಳಗಳು ಹುಟ್ಟುತ್ತವೆ.

10 ಮತ್ತು 12ರ ವಿಭಾಗಗಳಲ್ಲಿ ಆಯ್ಕೆಯೇ ಇರುವುದಿಲ್ಲ. ಬಂದ ಮಕ್ಕಳೆಲ್ಲರೂ, ಹುಡುಗಿಯರೂ ಸೇರಿ, ತಂಡದಲ್ಲಿರುತ್ತಾರೆ. ಪ್ರತಿ ಮಗುವೂ ಪ್ರತಿ ಪಂದ್ಯದ ಅರ್ಧ ಸಮಯವಾದರೂ ಆಡಲೇಬೇಕು. ರೆಫರಿಯ ಪಕ್ಕದಲ್ಲಿ ಒಬ್ಬರು ಇದನ್ನು ಬರೆದುಕೊಳ್ಳುತ್ತಾರೆ. ಒಂದೇ ತರಗತಿಯ ಗೆಳೆಯರು ಗೆರೆಯ ಎರಡು ಬದಿಯಲ್ಲಿದ್ದರೆ, ಚಿಕ್ಕವನು ಬಯಸಿದರೆ ಮೇಲಿನ ವಿಭಾಗದಲ್ಲಿ ಗೆಳೆಯರೊಂದಿಗೆ ಆಡಬಹುದು, ದೊಡ್ಡವನು ಕೆಳಗೆ ಇಳಿಯುವಂತಿಲ್ಲ. ಈ ವಿಭಾಗಗಳಲ್ಲಿ 4ನೇ ಅಳತೆಯ ಚೆಂಡು ಬಳಸುತ್ತೇವೆ. ಚಿಕ್ಕ ಕಾಲಿಗೆ 5ನೇ ಅಳತೆಯ ಚೆಂಡು ಕೊಟ್ಟು ಒದೆತಕ್ಕೆ ಬಲವಿಲ್ಲ ಎಂದು ಮಗುವನ್ನು ದೂರುವುದು ನ್ಯಾಯವಲ್ಲ.

14ರ ವಿಭಾಗದಲ್ಲಿ ಆಯ್ಕೆ ಇರುತ್ತದೆ. ಅಲ್ಲಿ ಬಿಬ್‌ಗಳ (ಅಂಗಿಯ ಮೇಲೆ ಹಾಕುವ ಸಂಖ್ಯೆಯ ಮೇಲಂಗಿಗಳ) ಸಂಖ್ಯೆ ಹುಟ್ಟಿದ ದಿನಾಂಕದ ಕ್ರಮದಲ್ಲಿರುತ್ತದೆ: 1ನೇ ಸಂಖ್ಯೆಯವನು ಎಲ್ಲರಿಗಿಂತ ಹಿರಿಯ, ಕೊನೆಯ ಸಂಖ್ಯೆಯವನು ಎಲ್ಲರಿಗಿಂತ ಕಿರಿಯ. ಇದರ ಜೊತೆಗೆ ವೈದ್ಯರು ಹೇಳಿದಂತೆ ಎತ್ತರದ ಪುಸ್ತಕವನ್ನೂ ಇಡುತ್ತೇವೆ. ಆಯ್ಕೆಯಾಗದವರನ್ನು ಮನೆಗೆ ಕಳಿಸದೆ ಎರಡನೇ ತಂಡ ಮಾಡಿ ಅದೇ ದಿನಗಳಲ್ಲಿ ಅದೇ ಕೋಚ್ ಕೈಯಲ್ಲಿ ತರಬೇತಿ ಕೊಡಿಸುತ್ತೇವೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಇಂಗ್ಲೆಂಡ್‌ನಲ್ಲಿ ಶಾಲಾ ವರ್ಷದಂತೆ ಸೆಪ್ಟೆಂಬರ್ 1 ಗೆರೆ. ಅಲ್ಲಿನ ಪ್ರಸಿದ್ಧ ಆಟಗಾರ ಹ್ಯಾರಿ ಕೇನ್ ಹುಟ್ಟಿದ್ದು 1993ರ ಜುಲೈ 28ರಂದು, ಅಂದರೆ ತನ್ನ ಗುಂಪಿನ ಅತಿ ಕಿರಿಯರಲ್ಲೊಬ್ಬ. ಎಂಟರ ವಯಸ್ಸಿನಲ್ಲಿ ಆರ್ಸೆನಲ್ ಕ್ಲಬ್‌ನ ಅಕಾಡೆಮಿ ಅವನನ್ನು ಬಿಟ್ಟುಕಳಿಸಿತು. ಬೇರೆ ಕಡೆ ಆಟ ಮುಂದುವರಿಸಲು ಅವನಿಗೆ ಅವಕಾಶವಿತ್ತು, ಅದಕ್ಕೇ ಇಂದು ಅವನ ಹೆಸರು ನಮಗೆ ಗೊತ್ತು. ದಾವಣಗೆರೆಯಲ್ಲಿ ಬಿಟ್ಟುಕಳಿಸಿದ ಹುಡುಗನಿಗೆ ಹೋಗಲು ಇನ್ನೊಂದು ಕ್ಲಬ್ ಎಲ್ಲಿದೆ?

13ರಿಂದ 16ರ ಹುಡುಗಿಯರಿಗೆ ಏಳು ಜನರ ಒಂದು ವಿಭಾಗ ಇರುತ್ತದೆ, ಪಂದ್ಯಗಳು ಐದೂವರೆಗೆ ಮುಗಿಯುತ್ತವೆ. ಮಳೆಗಾಲದಲ್ಲಿ ದೊಡ್ಡವರು ಶಾಲಾ ಕ್ರೀಡಾಕೂಟಕ್ಕೆ ಹೋದಾಗ ಮೂರೂ ಕ್ಲಬ್‌ಗಳಲ್ಲಿ ಉಳಿದ ಚಿಕ್ಕವರನ್ನು ಸೇರಿಸಿ ಭಾನುವಾರಗಳಂದು ಆಡಿಸುವ ಜವಾಬ್ದಾರಿಯನ್ನು ಚಿತ್ರದುರ್ಗದ ಕ್ಲಬ್ ವಹಿಸಿಕೊಂಡಿದೆ.

ದಾಖಲೆಯ ಬಗ್ಗೆ: ಜನನ ಪ್ರಮಾಣ ಪತ್ರ ಇದ್ದವರು ಅದರ ಪ್ರತಿ ಕೊಡಬೇಕು. ಇಲ್ಲದವರು ಶಾಲೆಯ ದೃಢೀಕರಣ ತಂದರೆ ಸಾಕು. ದಿನಾಂಕ ತಿದ್ದಿಸಿದ್ದು ಗೊತ್ತಾದರೆ ಮಗುವನ್ನು ಶಿಕ್ಷಿಸುವುದಿಲ್ಲ, ಸರಿಯಾದ ವಿಭಾಗಕ್ಕೆ ಕಳಿಸುತ್ತೇವೆ. ತಿದ್ದಿಸಿದ ಕ್ಲಬ್‌ನ ಆ ವಿಭಾಗದ ಅಂಕಗಳೆಲ್ಲ ಹೋಗುತ್ತವೆ.

ದೈಹಿಕ ಶಿಕ್ಷಕ, ಜಗಳೂರು ತಾಲ್ಲೂಕು

ಒಪ್ಪಿಗೆ ಇದೆ. ಪತ್ರ ಇಲ್ಲದ ಮಕ್ಕಳ ಅರ್ಜಿಗಳನ್ನು ತಾಲ್ಲೂಕು ಕಚೇರಿಗೆ ಒಯ್ಯುವ ಕೆಲಸವನ್ನು ನಮ್ಮ ಭಾಗಕ್ಕೆ ನಾನೇ ವಹಿಸಿಕೊಳ್ಳುತ್ತೇನೆ. ಹೊಸದುರ್ಗ, ಚಳ್ಳಕೆರೆ ಕಡೆಯಿಂದ ಯಾರಾದರೂ ಒಬ್ಬರು ಮುಂದೆ ಬರಬೇಕು.

ಪೋಷಕ, ಚಿತ್ರದುರ್ಗ

ಚಳ್ಳಕೆರೆ ಕಡೆಯದನ್ನು ನಾನು ನೋಡಿಕೊಳ್ಳುತ್ತೇನೆ ಮೇಷ್ಟ್ರೇ. ನನ್ನ ಕೆಲಸ ಇರುವುದೇ ಅಲ್ಲಿ. ಅರ್ಜಿಗೆ ಏನೇನು ಲಗತ್ತಿಸಬೇಕು ಎಂಬುದನ್ನು ನೀವು ಒಮ್ಮೆ ಬರೆದು ಕಳಿಸಿದರೆ ಸೋಮವಾರದಿಂದಲೇ ಶುರುಮಾಡುತ್ತೇನೆ.